ಅಧ್ಯಕ್ಷರ ಪ್ಯಾಂಟಿನ ಚೀಲ

ಪಾರ್ವತಿನಗರದ ಜನ ಚನ್ನವೀರಮ್ಮನವರನ್ನು ದೂರದಿಂದ ಗುರುತಿಸುತ್ತಿದ್ದುದು ಅವರ ಚೀಲದಿಂದ. ಕಂದು ಬಣ್ಣದ ದಪ್ಪ ಬಟ್ಟೆಯ ಆ ಚೀಲವನ್ನು ಅವರು ಗಂಡ ಕೊಟ್ರಬಸಪ್ಪನವರ ಹಳೆಯ ಪ್ಯಾಂಟಿನಿಂದ ಹೊಲಿದಿದ್ದರು. ಪ್ಯಾಂಟು ಸವೆದದ್ದು ಕೂರುವ ಜಾಗದಲ್ಲಿ ಮಾತ್ರ. ಸರ್ಕಾರಿ ಕಚೇರಿಯ ಹೆಡ್ ಕ್ಲಾರ್ಕುಗಳ ಪ್ಯಾಂಟು ಬೇರೆ ಕಡೆ ಸವೆದದ್ದನ್ನು ಯಾರೂ ನೋಡಿಲ್ಲ. ಉಳಿದ ಬಟ್ಟೆ ಹೊಸದರಂತೆ ಗಟ್ಟಿಯಾಗಿತ್ತು. ಪಕ್ಕದ ಜೇಬನ್ನು ಎಲೆಯಡಿಕೆ ಇಡಲು ಅನುಕೂಲವೆಂದು ಹಾಗೇ ಬಿಟ್ಟಿದ್ದರು.

ಚನ್ನವೀರಮ್ಮ ಕುರುಗೋಡಿನ ಒಕ್ಕಲು ಮನೆಯ ಮಗಳು. ಸಂತೆಗೆ ಮುಂಜಾನೆ ಹೋಗುವವರು ಹಣ ಹೆಚ್ಚಾದವರು, ಸಂಜೆ ಹೋಗುವವರು ಬುದ್ಧಿ ಹೆಚ್ಚಾದವರು ಎಂದು ತಿಳಿದೇ ಬೆಳೆದವರು. ಬಳ್ಳಾರಿಗೆ ಬಂದ ಮೇಲೆ ಅವರಿಗೆ ಸಂಜೆಯ ಸಂತೆಯ ಬದಲು ಸಿಕ್ಕಿದ್ದು ಪೇಟೆಯ ಸೊಸೈಟಿ ಅಂಗಡಿ. ಮುಂದೆ ಕಿರಾಣಿ, ಹಿಂದಿನ ಕೋಣೆಯಲ್ಲಿ ಬೀಜ, ಕುಂಡ, ಸಲಿಕೆ. ಹೊಸ ಹುಣಸೆಹಣ್ಣು ಬರುವ ಮುಂಚೆ ಹಳೆಯದನ್ನು, ಯುಗಾದಿ ಮುಗಿದ ಮರುದಿನ ಉಳಿದ ಬೆಲ್ಲವನ್ನು, ಮೂಲೆ ಹರಿದ ಮೂಟೆಯ ಬೇಳೆಯನ್ನು ಅಲ್ಲಿ ಅರ್ಧ ಬೆಲೆಗೆ ಹಾಕುತ್ತಿದ್ದರು. ಹಾಗೆ ಹಾಕುವ ದಿನ ಅಂಗಡಿಯ ಜಂಬಣ್ಣನಿಗಿಂತ ಮೊದಲು ಚನ್ನವೀರಮ್ಮನವರಿಗೆ ಗೊತ್ತಾಗಿರುತ್ತಿತ್ತು. ಗಾಳಿಯ ವಾಸನೆಯ ಮೇಲೆ ಹೇಳುತ್ತಾರೆ ಎಂದು ಜಂಬಣ್ಣ ಗಂಭೀರವಾಗಿ ನಂಬಿದ್ದ.

ಇಷ್ಟೆಂದ ಮಾತ್ರಕ್ಕೆ ಅವರು ತಂದದ್ದೆಲ್ಲ ಲಾಭವೇ ಎಂದಲ್ಲ. ಮನೆಗೆ ಕರೆಂಟು ಬಂದ ವರ್ಷವೇ ಲಾಟೀನಿನ ಗಾಜುಗಳನ್ನು ರಾಶಿ ಹೊತ್ತು ತಂದಿದ್ದರು. ಊಟಕ್ಕೆ ಬಂದ ನೆಂಟರಿಗೆ ಎರಡನೆಯ ತುತ್ತಿಗೇ, “ಈ ಬ್ಯಾಳಿ ಎಷ್ಟಕ್ಕ ಬಂತು, ಹೇಳ್ರಿ ನೋಡೂನು” ಎಂದು ಕೇಳುತ್ತಿದ್ದರು. ನಾಲ್ಕು ದಿನ ಉಳಿಯಬೇಕೆಂದು ಬಂದ ಜಾಣ ನೆಂಟರು ಬೆಲೆಯನ್ನು ಮೂರು ಪಟ್ಟು ಹೆಚ್ಚಿಸಿ ಹೇಳುತ್ತಿದ್ದರು.

ಎಲ್ಲ ಸುಸೂತ್ರವಾಗಿಯೇ ನಡೆದಿತ್ತು. ಕೆಟ್ಟದ್ದು ಕೊಟ್ರಬಸಪ್ಪನವರು ಪಾರ್ವತಿನಗರ ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷರಾದ ಮೇಲೆ. ಅದು ಎಪ್ಪತ್ತೇಳೋ ಎಪ್ಪತ್ತೆಂಟೋ. ಆ ಸ್ಥಾನಕ್ಕೆ ಬೇರೆ ಯಾರೂ ನಿಂತಿರಲಿಲ್ಲ; ಹೀಗಾಗಿ ಅವರು ಭಾರಿ ಬಹುಮತದಿಂದ ಗೆದ್ದೆನೆಂದು ತಿಳಿದರು. ಗೇಟಿಗೆ ‘ಕೊಟ್ರಬಸಪ್ಪ, ಅಧ್ಯಕ್ಷರು’ ಎಂಬ ಬೋರ್ಡು ಬಂತು. ಕಂತಿನ ಮೇಲೆ ಒಂದು ಸ್ಕೂಟರು ಬಂತು. ಸಭೆಗೆಂದು ಕರಿ ಕೋಟು ಬಂತು. ಬಳ್ಳಾರಿಯ ಬಿಸಿಲಿನಲ್ಲಿ ಕರಿ ಕೋಟು ಹಾಕಿಕೊಳ್ಳಲು ನಿಜಕ್ಕೂ ಎದೆಗಾರಿಕೆ ಬೇಕು. ಬೆಂಗಳೂರಿನಿಂದ ಪೂರ್ತಿ ಬೆಲೆ ಕೊಟ್ಟು ತರಿಸಿದ ಒಂದು ಹೂಬಳ್ಳಿಯೂ ಗೇಟಿನ ಪಕ್ಕ ಬಂತು. ಅದರ ಇಂಗ್ಲಿಷ್ ಹೆಸರನ್ನು ಹೇಳಬಲ್ಲವರು ಇಡೀ ಬಡಾವಣೆಯಲ್ಲಿ ಅಧ್ಯಕ್ಷರೊಬ್ಬರೇ. ಅವರೂ ದಿನಕ್ಕೊಂದು ರೀತಿ ಹೇಳುತ್ತಿದ್ದರು.

ಮೇ ತಿಂಗಳಲ್ಲಿ ಅವರ ಅಕ್ಕ ಹೊನ್ನೂರಮ್ಮ ಸಿರುಗುಪ್ಪದಿಂದ ಬಂದರು. ಗಂಡನದು ಅಕ್ಕಿ ಮಿಲ್ಲು. ಮಿಲ್ಲಿನ ಸದ್ದಿನಲ್ಲಿ ಮಾತಾಡಿ ಮಾತಾಡಿ ಅವರ ದನಿ ಮೂರು ಮನೆಗೆ ಕೇಳುತ್ತಿತ್ತು. ಬಸ್ಸಿಳಿದು ಪೇಟೆಯ ಮೇಲೆ ಹಾದು ಬಂದವರು ಚಪ್ಪಲಿ ಬಿಡುವ ಮುಂಚೆಯೇ ಶುರು ಮಾಡಿದರು.

“ಲೇ ತಮ್ಮಾ, ನಿನ್ನ ಪ್ಯಾಂಟು ಸೊಸೈಟಿ ಮುಂದ ಪಾಳಿ ನಿಂತಿತ್ತಲೋ. ನೀನ ಅದೀ ಅಂತ ಮಾತಾಡಸಾಕ ಹೋದ್ರ ಒಳಗ ಹುಣಸಿಹಣ್ಣು ಇತ್ತು.”

ಕೊಟ್ರಬಸಪ್ಪನವರ ಮುಖ ಕೋಟಿನ ಬಣ್ಣಕ್ಕೆ ತಿರುಗಿತು. ಹಿಂದೆಯೇ ಹುಣಸೆಹಣ್ಣಿನೊಂದಿಗೆ ಬಂದ ಹೆಂಡತಿಯನ್ನು ಪಡಸಾಲೆಯಲ್ಲೇ ತಡೆದರು.

“ನೋಡು, ಈಗ ನಾನು ಬರೇ ಹೆಡ್ ಕ್ಲಾರ್ಕ್ ಅಲ್ಲ, ಅಧ್ಯಕ್ಷ ಅದೀನಿ. ಅಧ್ಯಕ್ಷರ ಮನ್ಯಾಕಿ ಹರದ ಮೂಟಿ ಬ್ಯಾಳಿಗೆ ಪಾಳಿ ನಿಂತ್ರ ಜನ ಏನಂತಾರ?”

“ಬ್ಯಾಳಿ ಸಸ್ತಾ ಸಿಕ್ತನ್ರಿ ಅಂತಾರ.”

“ನಗಚಾಟಕಿ ಬ್ಯಾಡ. ನಮ್ಮ ಉಪಾಧ್ಯಕ್ಷ ಮೈಲಾರಲಿಂಗಪ್ಪಾರು ರಿಟೈರ್ಡ್ ತಹಸೀಲ್ದಾರ್ರು. ಮೊನ್ನೆ ಸಭ್ಯಾಗ ಕೇಳಿದ್ರು, ‘ಯಾಕ್ರಿ ಅಧ್ಯಕ್ಷರ, ಮನ್ಯಾಗ ಏನರ ತ್ರಾಸ ಐತೇನು’ ಅಂತ. ಇನ್ನ ಸೊಸೈಟಿ ಕಡಿ ಹೋಗಂಗಿಲ್ಲ. ಸಾಮಾನು ಆಳಿನ ಕಡಿಂದ ನಾನ ತರಸ್ತೀನಿ.”

“ನಾನು ಹೋಗಾಕಿನ,” ಎಂದರು ಚನ್ನವೀರಮ್ಮ. ದನಿ ಏರಿಸಲಿಲ್ಲ. “ಕುರುಗೋಡಾಗಿಂದ ಬಂದಾಗಿಂದ ಈ ಮನಿ ಆ ಪಾಳಿ ಮ್ಯಾಲೆ ನಿಂತೈತಿ. ನೀವು ಕುಂದ್ರೂ ಕುರ್ಚಿನೂ ಅಲ್ಲಿಂದ ಉಳಿಸಿದ್ದರಾಗ ಬಂದದ್ದು.”

ಕೊಟ್ರಬಸಪ್ಪನವರು ಕುರ್ಚಿಯಿಂದ ಎದ್ದರು. ಎದ್ದವರು ಚೀಲದಲ್ಲಿದ್ದ ಹುಣಸೆಹಣ್ಣನ್ನು ಮೊರಕ್ಕೆ ಸುರಿದು, ಖಾಲಿ ಚೀಲವನ್ನು ಒಯ್ದು ತಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಲು ಅವರಿಗೆ ಜನಿವಾರವಿರಲಿಲ್ಲ, ಉಡಿದಾರಕ್ಕೆ ಕಟ್ಟಿಕೊಂಡರು.

ಚನ್ನವೀರಮ್ಮನವರಿಗೆ ಚೀಲದ್ದೇನೂ ದೊಡ್ಡ ಮಾತಾಗಿರಲಿಲ್ಲ. ಪ್ಯಾಂಟಿಗೆ ಎರಡು ಕಾಲು. ಬೇಕೆಂದರೆ ಇನ್ನೊಂದು ಚೀಲ ಹೊಲಿಯಬಹುದಿತ್ತು. ಆದರೆ ತಾನು ಎಲ್ಲಿಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಒಮ್ಮೆ ಬೀಗ ಬಿತ್ತೆಂದರೆ ನಾಳೆ ಬಾಗಿಲಿಗೂ ಬೀಳುತ್ತದೆ. ಆ ಚೀಲ ಹೊರಗೆ ಬರಬೇಕು, ಹಾಕಿದ ಕೈಯೇ ತೆಗೆಯಬೇಕು ಎಂದು ಅವರು ಮನಸ್ಸಿನಲ್ಲಿ ಗಂಟು ಹಾಕಿಕೊಂಡರು.

ಮುಂದಿನ ವಾರ ಹೊಸ ಬೀಜ ಬರುವುದಿತ್ತು. ಸೊಸೈಟಿಯವರು ಹೋದ ವರ್ಷದ ಬೀಜ ಅಗ್ಗಕ್ಕೆ ಹಾಕಿದರು. ಚನ್ನವೀರಮ್ಮ ತಲೆದಿಂಬಿನ ಕವರು ಹಿಡಿದು ಹೊರಟರು. ಅದರ ಮೇಲೆ ಗುಲಾಬಿ ಹೂವಿನ ನಡುವೆ ‘ಗುಡ್ ನೈಟ್’ ಎಂದು ಕಸೂತಿ ಹಾಕಿತ್ತು. ಹಾಡಹಗಲಲ್ಲಿ ಗುಡ್ ನೈಟ್ ಹಿಡಿದು ನಿಂತ ಅಧ್ಯಕ್ಷರ ಮಡದಿಯನ್ನು ಪೇಟೆಯೆಲ್ಲ ನೋಡಿತು. ಪ್ಯಾಂಟೇ ಎಷ್ಟೋ ವಾಸಿಯಿತ್ತು.

ಜಂಬಣ್ಣ ಬದನೆ ಬೀಜದ ಪೊಟ್ಟಣದ ಜೊತೆ ಇನ್ನೊಂದನ್ನು ಕಟ್ಟಿಟ್ಟಿದ್ದ.

“ಬದನಿ ಬೇಕಂದ್ರ ಬೂದಗುಂಬಳನೂ ಒಯ್ಯಬೇಕ್ರೀ ಅಮ್ಮಾರ. ಯಾರೂ ಮುಟ್ಟವಲ್ರು.”

“ಬೂದಗುಂಬಳ ತಗಂಡು ಏನ್ ಮಾಡ್ಲೋ, ನಿನ್ನ ತಲಿ ಮ್ಯಾಲೆ ಒಡೀಲೇನು?”

“ಒಡೀರಿ. ದೃಷ್ಟಿ ಹೋಗ್ತತಿ. ಅರ್ಧಕ್ಕರ್ಧ ಬಿಟ್ಟೀನಿ.”

ಅರ್ಧಕ್ಕರ್ಧ ಎಂದ ಮೇಲೆ ಅವರ ಕೈ ತಾನೇ ಮುಂದಾಯಿತು. ಬದನೆ ಬೀಜ ಮೊಳೆಯಲೇ ಇಲ್ಲ. ಮೋಕ ಹಳ್ಳಿಯಿಂದ ಬುಟ್ಟಿ ಹೊತ್ತು ಬರುವವಳ ಹತ್ತಿರ ಆ ವರ್ಷ ಅವರು ಪೂರ್ತಿ ಬೆಲೆಗೆ ಬದನೆಕಾಯಿ ಕೊಳ್ಳಬೇಕಾಯಿತು. ಆ ಸಂಗತಿಯನ್ನು ಯಾವ ನೆಂಟರಿಗೂ ಹೇಳಲಿಲ್ಲ. ಬೂದುಗುಂಬಳ ಮಾತ್ರ, ಬೇಡವೆಂದದ್ದಕ್ಕೆ ಸೇಡು ತೀರಿಸುವಂತೆ, ಮೊದಲ ಮಳೆಗೇ ಎದ್ದಿತು. ಶ್ರಾವಣದ ಹೊತ್ತಿಗೆ ಬೇಲಿ ಏರಿತು. ಭಾದ್ರಪದಕ್ಕೆ ಬೆಂಗಳೂರಿನ ಹೂಬಳ್ಳಿಯನ್ನು ತಬ್ಬಿಕೊಂಡು ಗೇಟು ಹತ್ತಿ, ‘ಕೊಟ್ರಬಸಪ್ಪ’ ಎಂಬುದನ್ನು ಪೂರ್ತಿ ಮುಚ್ಚಿ ‘ಅಧ್ಯಕ್ಷರು’ ಎಂಬುದರ ಮೇಲೆ ಒಂದು ದೊಡ್ಡ ಎಲೆ ಇಟ್ಟಿತು.

“ಇದನ್ನ ಕಿತ್ತು ಒಗಿ,” ಎಂದರು ಅಧ್ಯಕ್ಷರು. “ಸೊಸೈಟಿ ಕಸ ನನ್ನ ಬೋರ್ಡಿನ ಮ್ಯಾಲೆ.”

“ನಾನು ಕೀಳಂಗಿಲ್ರಿ. ಇಡೀ ಕುಂಬಳಕ್ಕ ಹೆಂಗಸರು ಮೊದಲ ಕುಡಗೋಲು ಹಚ್ಚಂಗಿಲ್ಲ. ಗಂಡಸರ ಹಚ್ಚಬೇಕು. ನಿಮ್ಮವ್ವನ ಹೇಳಿಕೊಟ್ಟದ್ದು.”

“ಅದು ಕಾಯಿಗೆ. ಬಳ್ಳಿಗಲ್ಲ.”

“ಕಾಯಿ ಬಳ್ಳ್ಯಾಗ ಐತಲ್ರಿ. ನೀವ ಕಡೀರಿ. ನಾನು ಬ್ಯಾಡ ಅನ್ನಂಗಿಲ್ಲ.”

ಇಡೀ ಕುಂಬಳವನ್ನು ಹೆಂಗಸರು ಮೊದಲು ಹೋಳು ಮಾಡಬಾರದೆಂಬ ಆ ರೂಢಿಯನ್ನು ಅಧ್ಯಕ್ಷರು ಅಲ್ಲಗಳೆಯುವಂತಿರಲಿಲ್ಲ. ಮನೆಯಲ್ಲಿ ಹೋಳಿಗೆ ಕಡುಬಿನಷ್ಟೇ ಶ್ರದ್ಧೆಯಿಂದ ಪಾಲಿಸಿಕೊಂಡು ಬಂದದ್ದು. ಮರುದಿನ ಮುಂಜಾನೆ ಜನ ಏಳುವ ಮುಂಚೆ ಅವರೇ ಕುಡುಗೋಲು ಹಿಡಿದು ಬಗ್ಗಿದರು. ಹಬ್ಬದ ಕುಂಬಳಕಾಯಿ, ಫೈಲಿನ ದಾರ ಬಿಟ್ಟರೆ ಹುಟ್ಟಿದಾಗಿನಿಂದ ಬೇರೇನನ್ನೂ ಕೊಯ್ದವರಲ್ಲ. ಎರಡು ಬುಡಗಳಲ್ಲಿ ಸಣಕಲಾಗಿ, ಬಡತನದಿಂದ ಬಂದಂತೆ ಕಾಣುತ್ತಿದ್ದುದನ್ನು ಹುಡುಕಿ ಕತ್ತರಿಸಿ, ಕೈ ತೊಳೆದುಕೊಂಡು ಆಫೀಸಿಗೆ ಹೋದರು.

ಎರಡು ದಿನದಲ್ಲಿ ಬೆಂಗಳೂರಿನ ಹೂಬಳ್ಳಿ ಬಾಡಿ ನೇತುಬಿತ್ತು. ಕುಂಬಳ ಅದರ ಜಾಗಕ್ಕೂ ಹಬ್ಬಿತು.

ಚನ್ನವೀರಮ್ಮ ಒಣಗಿದ ಹೂಬಳ್ಳಿಯನ್ನು ಒಲೆಗೆ ಹಾಕಿ ಚಹಾ ಕಾಸಿ ಕೊಟ್ಟರು. “ಬೆಂಗಳೂರು ಕಟಗಿ, ಛೊಲೊ ಉರೀತತಿ,” ಎಂದದ್ದಷ್ಟೇ.

ದಸರಾ ಬಂತು. ಆಯುಧಪೂಜೆಗೆ ಬಳ್ಳಾರಿಯಲ್ಲಿ ಸೈಕಲ್ಲಿನಿಂದ ಹಿಡಿದು ಹತ್ತಿ ಜಿನ್ನಿನ ಯಂತ್ರದವರೆಗೆ ಎಲ್ಲದರ ಮುಂದೆ ಬೂದುಗುಂಬಳ ಒಡೆಯಬೇಕು. ಅದೇ ವಾರ ರಾರಾವಿ ಕಡೆ ಹೊಳೆ ತುಂಬಿ ಬಂಡಿ ಲಾರಿ ಎಲ್ಲ ಆಚೆ ದಡದಲ್ಲೇ ನಿಂತವು. ಪೇಟೆಯಲ್ಲಿ ಒಂದು ಕಾಯಿ ಇಲ್ಲ. ಇದ್ದ ನಾಲ್ಕನ್ನು ಸಾವ್ಕಾರರು ಒಯ್ದಿದ್ದರು. ಪಾರ್ವತಿನಗರದಲ್ಲಿ ಹೊಸ ಸ್ಕೂಟರುಗಳು ದೃಷ್ಟಿ ತೆಗೆಸಿಕೊಳ್ಳಲಾಗದೆ ಅಂಗಳದಲ್ಲಿ ನಿಂತಿದ್ದವು. ಅಧ್ಯಕ್ಷರ ಬೇಲಿಯ ಮೇಲೆ ಮಾತ್ರ ಬೂದಿ ಬಳಿದ ಸ್ವಾಮಿಗಳಂತೆ ಕುಂಬಳಗಳು ಸಾಲಾಗಿ ಮಲಗಿದ್ದವು.

ಮೊದಲು ಬಂದವರು ಮೈಲಾರಲಿಂಗಪ್ಪನವರು. ತೋರು ಬೆರಳಿನಿಂದ ದೊಡ್ಡದೊಂದನ್ನು ತೋರಿಸಿ, “ನಮ್ಮ ಆಳನ್ನ ಕಳಸ್ತೀನಮ್ಮಾ, ಕೊಟ್ಟುಬಿಡು,” ಎಂದರು.

ಚನ್ನವೀರಮ್ಮ ಗೇಟಿನ ಒಳಗೆ ಮಣೆ ಹಾಕಿಕೊಂಡು ಕೂತಿದ್ದರು.

“ರೊಕ್ಕ ಬ್ಯಾಡ್ರಿ, ಪುಗ್ಸಟ್ಟೆ ಕೊಡ್ತೀನಿ. ಆದ್ರ ಆಳಿಗೆ ಕೊಡಂಗಿಲ್ಲ. ಬೇಕಾದವ್ರ ಬರಬೇಕು, ಕೈಯಾಗ ಚೀಲ ಹಿಡಕಂಡು ಬರಬೇಕು, ಪಾಳಿ ಹಚ್ಚಿ ನಿಂದ್ರಬೇಕು. ಸೊಸೈಟ್ಯಾಗ ಹೆಂಗ ನಿಂತೀನಿ ಹಂಗ.”

“ನಾನು ತಹಸೀಲ್ದಾರ್ ಇದ್ದಂವ, ತಾಯಿ.”

“ಅದಕ್ಕ ನಿಮಗ ಮೊದಲನೇ ನಂಬರು ಕೊಡ್ತೀನಿ. ಚೀಲ ತರ್ರಿ.”

ತಹಸೀಲ್ದಾರರು ಒಂದು ಗಳಿಗೆ ಆಕಾಶ ನೋಡಿದರು. ಆಮೇಲೆ ಮನೆಗೆ ಹೋಗಿ ಚೀಲ ತಂದರು. ಅವರು ನಿಂತದ್ದೇ ತಡ, ಉಳಿದವರೂ ಬಂದರು: ಡಾಕ್ಟರು, ಇಂಜಿನಿಯರು, ಸಂಘದ ಖಜಾಂಚಿ. ಸಾಲು ಬೀದಿ ತಿರುವಿನವರೆಗೆ ಹೋಯಿತು. ಸಿರುಗುಪ್ಪದ ಬಸ್ಸಿಗೆ ಹೊನ್ನೂರಮ್ಮ ಬಂದಿಳಿದರು. ಅಲ್ಲಿಯೂ ಕುಂಬಳಕ್ಕೆ ಗತಿಯಿರಲಿಲ್ಲ. ಮಿಲ್ಲಿಗೊಂದು, ಲಾರಿಗೊಂದು ಬೇಕೆಂದು ಸೀದಾ ಗೇಟಿನೊಳಗೆ ನುಗ್ಗಿದರು.

“ಅಕ್ಕಾರ, ಅಲ್ಲಿ, ಕೊನಿಗೆ,” ಎಂದರು ಚನ್ನವೀರಮ್ಮ.

“ಚನ್ನವೀರಿ, ನಾನು ನಿನ್ನ ನಾದಿನಿ ಅದೀನಿ.”

“ಹೌದ್ರಿ. ಅದಕ್ಕ ಬಿಸಿಲಾಗ ನಿಂದ್ರಬ್ಯಾಡ್ರಿ, ಬೇವಿನ ನೆಳ್ಳಿಗೆ ನಿಂದ್ರಿ. ಪಾಳಿ ಅಲ್ಲೀತನಕ ಐತಿ.”

ಮೂರು ಮನೆಗೆ ಕೇಳುವ ದನಿ ಅಂದು ಪಕ್ಕದವರಿಗೂ ಕೇಳದಷ್ಟು ಸಣ್ಣಗೆ ಏನೋ ಅಂದಿತು. ಆದರೂ ಹೊನ್ನೂರಮ್ಮ ನಿಂತರು.

ಕೊಟ್ರಬಸಪ್ಪನವರು ಇದನ್ನೆಲ್ಲ ಪಡಸಾಲೆಯ ಕಿಟಕಿಯಿಂದ ನೋಡುತ್ತಿದ್ದರು. ಅವರದೂ ಸ್ಕೂಟರು ಹೊಸದು. ಸಂಘದ ಪೂಜೆಗೆ ಅಧ್ಯಕ್ಷರು ಅದರ ಮೇಲೆಯೇ ಹೋಗಬೇಕು. ಅವರು ಕರಿ ಕೋಟು ಹಾಕಿಕೊಂಡು, ಹೊರಗೆ ಬಂದು, ಮನೆಯ ಯಜಮಾನನಾಗಿ ಬೇಲಿಯ ಕಡೆ ಕೈ ಚಾಚಿದರು.

“ಪಾಳಿ, ರೀ.”

“ಇದು ನನ್ನ ಮನಿ.”

“ಬಳ್ಳಿ ಸೊಸೈಟೀದು. ನೀವ ಅಂದಿದ್ರಿ.”

ಸಾಲಿನಲ್ಲಿ ಯಾರೋ ಕೆಮ್ಮಿದರು. ಅಧ್ಯಕ್ಷರು ಹೋಗಿ ಅಕ್ಕನ ಹಿಂದೆ ನಿಂತರು. ಸಾಲು ಕರಗುತ್ತ ಬಂತು. ತಂದ ಎರಡು ಚೀಲ ತುಂಬಿಸಿಕೊಂಡು ಹೊನ್ನೂರಮ್ಮ ತಿರುಗಿ ನೋಡದೆ ಬಸ್ಸಿಗೆ ಹೊರಟರು. ಬೇಲಿಯ ಮೇಲೆ ಒಂದೇ ಒಂದು ಸೊಟ್ಟ ಕಾಯಿ ಉಳಿದಿತ್ತು.

“ಚೀಲ ಎಲ್ಲೈತ್ರಿ?” ಎಂದು ಕೇಳಿದರು ಚನ್ನವೀರಮ್ಮ.

ತಮ್ಮ ಕಾಯಿ ಸಿಕ್ಕಿದವರು ಯಾರೂ ಮನೆಗೆ ಹೋಗಿರಲಿಲ್ಲ. ಅಧ್ಯಕ್ಷರು ಒಳಗೆ ಹೋದರು. ಟ್ರಂಕಿನ ಬೀಗ ತೆಗೆದ ಸದ್ದು ಗೇಟಿನವರೆಗೆ ಕೇಳಿಸಿತು. ತಮ್ಮದೇ ಪ್ಯಾಂಟನ್ನು ಎರಡು ಕೈಯಲ್ಲಿ ಅಗಲಿಸಿ ಹಿಡಿದುಕೊಂಡು ಬಂದು ಅವರು ಹೆಂಡತಿಯ ಮುಂದೆ ನಿಂತರು.

ಚನ್ನವೀರಮ್ಮ ಚೀಲ ತೆಗೆದುಕೊಂಡರು. ಜೇಬಿನಲ್ಲಿ ಮೇ ತಿಂಗಳಿನಿಂದ ಇದ್ದ ಒಣಗಿದ ಎಲೆಯನ್ನು ತೆಗೆದು ಒಗೆದರು, ಒಮ್ಮೆ ಝಾಡಿಸಿದರು, ಮಡಿಚಿ ಕಂಕುಳಲ್ಲಿಟ್ಟುಕೊಂಡರು. ಸೊಟ್ಟ ಕುಂಬಳವನ್ನು ಗಂಡನ ಕೈಗೆ ಕೊಟ್ಟರು.

“ಇದನ್ನ ಹಂಗ ಹಿಡಕಂಡು ಹೋಗ್ರಿ. ಚೀಲ ನನಗ ಬೇಕು. ಹಬ್ಬ ಮುಗೀತು ಅಂದ್ರ ಸೊಸೈಟ್ಯಾಗ ಉಳದ ಬೆಲ್ಲ ಸಸ್ತಾ ಹಾಕ್ತಾರ.”

ಅಧ್ಯಕ್ಷರು ಕುಂಬಳವನ್ನು ಮಗುವಿನಂತೆ ಎದೆಗವಚಿಕೊಂಡು ಸ್ಕೂಟರಿನ ಕಡೆ ನಡೆದರು. ಕರಿ ಕೋಟಿನ ತುಂಬ ಬೆಳ್ಳಗೆ ಬೂದಿ ಹತ್ತಿತ್ತು. ಯಾರೂ ಹೇಳಲಿಲ್ಲ. ಅವರು ಹಾಗೆಯೇ ಹೋಗಿ ಅಧ್ಯಕ್ಷ ಭಾಷಣ ಮಾಡಿದರು.