ಅದಲು ಬದಲಾದ ಎರಡು ಚೀಟಿ

ನಮ್ಮ ಹೈಸ್ಕೂಲಿನಲ್ಲಿ ಇದ್ದದ್ದು ಒಂದೇ ಸೂಕ್ಷ್ಮದರ್ಶಕ. ಒಂಬತ್ತನೇ ಇಯತ್ತೆಯಲ್ಲಿ ವಿಜ್ಞಾನದ ಸರ್ ಅದನ್ನು ಕಿಟಕಿಯ ಬಳಿ ಇಟ್ಟು, ಉಳ್ಳಾಗಡ್ಡಿಯ ಪೊರೆಗೆ ಅಯೋಡಿನ್ ಹಾಕಿ, ನಮ್ಮನ್ನು ಒಬ್ಬೊಬ್ಬರಾಗಿ ಕರೆದರು. ನನ್ನ ಮುಂದೆ ನಿಂತಿದ್ದವಳು ನನ್ನ ಗೆಳತಿ, ಸಂಶಿ ಊರಿನ ದರ್ಜಿಯೊಬ್ಬರ ಮಗಳು. ಕಣ್ಣಿಟ್ಟ ಕೂಡಲೇ ಕೂಗಿದಳು: "ಸರ್, ಒಂದೊಂದು ಖಾನೆದಾಗೂ ಒಂದೊಂದು ಚುಕ್ಕಿ ಐತ್ರಿ!"

"ಅದs ಕೋಶಕೇಂದ್ರ. ಶಾಣ್ಯಾಕಿ!" ಎಂದರು ಸರ್.

ನನ್ನ ಸರದಿಯಲ್ಲಿ ನನಗೆ ಕಂಡದ್ದು ನನ್ನದೇ ರೆಪ್ಪೆಯ ಕೂದಲು. "ಕಂಡ್ತ್ರಿ ಸರ್" ಎಂದು ಸುಳ್ಳು ಹೇಳಿ ಬಂದು ಅವಳ ಬಾಜು ಕುಳಿತೆ.

ನಮ್ಮಪ್ಪ ಪ್ರಾಥಮಿಕ ಶಾಲೆಯ ಮಾಸ್ತರ. ಮಾಸ್ತರ ಮಗಳು ಮೊದಲ ನಂಬರ್ ಬರಬೇಕು ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಹೈಸ್ಕೂಲಿಗೆ ಬಂದ ಮೇಲೆ ಆ ನಂಬರ್ ಅವಳದಾಯಿತು.

ಮರುವರ್ಷ ಕುಂದಗೋಳದಲ್ಲಿ ತಾಲೂಕಿನ ವಿಜ್ಞಾನ ಪ್ರದರ್ಶನ ಇತ್ತು. ಜೀವಕೋಶದ ಮಾದರಿ ಮಾಡಲು ಸರ್ ಅವಳನ್ನು ಆರಿಸಿದರು. "ನಿನ್ನ ಅಕ್ಷರ ಚಂದ ಅದಾವ, ಹೆಸರಿನ ಚೀಟಿ ನೀ ಬರಿ" ಎಂದು ನನಗೆ ಹೇಳಿದರು. ಚೀಟಿ! ಅಂದು ಊಟ ಸೇರಲಿಲ್ಲ.

ಅವಳು ಹಳೆಯ ರಬ್ಬರ್ ಚೆಂಡನ್ನು ಅರ್ಧಕ್ಕೆ ಕೊಯ್ದು ಕೋಶಕೇಂದ್ರ ಮಾಡಿದಳು. ಪ್ರೋಟೀನ್ ಮಾಡುವ ಅಪ್ಪಣೆ ಅದರಿಂದ ಹೊರಗೆ ಹೋಗಬೇಕಲ್ಲ ಎಂದು ಕಾಯಿಸಿದ ದಬ್ಬಣದಿಂದ ಸಣ್ಣ ತೂತು ಕೊರೆದಳು. ಅಪ್ಪನ ಅಂಗಡಿಯಲ್ಲಿ ಉಳಿದ ನೀಲಿ ಅರಿವೆಯನ್ನು ನೆರಿಗೆ ಹಿಡಿದು ಎಂಡೋಪ್ಲಾಸ್ಮಿಕ್ ಜಾಲ ಮಾಡಿ, ಅದರ ಅಂಚನ್ನು ಚೆಂಡಿನ ಅಂಚಿಗೇ ಹೊಲಿದಳು. ನೆರಿಗೆಯ ಮೇಲೆ ಸಾಸಿವೆ ಅಂಟಿಸಿ, "ಇವು ರೈಬೋಸೋಮ್. ಇಲ್ಲಿ ಪ್ರೋಟೀನ್ ತಯಾರಾಗಿ, ಜಾಲದಾಗ ಹಾದು ಗಾಲ್ಗಿಗೆ ಬರ್ತಾವ. ಗಾಲ್ಗಿ ಅವನ್ನ ಗಂಟು ಕಟ್ಟಿ ಬೇಕಾದಲ್ಲಿಗೆ ಕಳಸ್ತೈತಿ" ಎಂದು ನನಗೇ ಪಾಠ ಮಾಡಿದಳು. ಗಾಲ್ಗಿಗೆ ಕೆಂಪು ಅರಿವೆಯ ಚಪ್ಪಟೆ ಚೀಲಗಳು, ಒಂದರ ಮೇಲೊಂದು. ನೋಡುತ್ತ ನಿಂತ ನನಗೆ ಹೊಟ್ಟೆಯೊಳಗೆ ಬೆಂಕಿ ಇಟ್ಟಂತಾಯಿತು. ಇಷ್ಟು ಚಂದದ್ದು ನನ್ನ ತಲೆಗೆ ಯಾಕೆ ಹೊಳೆಯಲಿಲ್ಲ?

ಹೊರಡುವ ಮುನ್ನಾದಿನ ಅವಳು ಕೈ ತೊಳೆಯಲು ಹೋದಾಗ ನಾನೊಬ್ಬಳೇ ಚೀಟಿ ಹಚ್ಚಿದೆ. ನೀಲಿ ನೆರಿಗೆಗೆ 'ಗಾಲ್ಗಿ ಸಂಕೀರ್ಣ', ಕೆಂಪು ಚೀಲಕ್ಕೆ 'ಎಂಡೋಪ್ಲಾಸ್ಮಿಕ್ ಜಾಲ'. ಮೇಲೆ ಹಾಳೆ ಹೊದಿಸಿ ಕಟ್ಟಿಟ್ಟೆ.

ಕುಂದಗೋಳದಲ್ಲಿ ಬಸ್ಸಿಳಿದು ಮಾದರಿ ಬಿಚ್ಚುವಷ್ಟರಲ್ಲಿ ಪರೀಕ್ಷಕರು ಬಂದೇಬಿಟ್ಟರು. ಅವಳು ಚೀಟಿ ನೋಡದೆ ಎಲ್ಲವನ್ನೂ ಸರಿಯಾಗಿ ಹೇಳಿದಳು. "ಕೋಶಕೇಂದ್ರದ ಪೊರೆಗೆ ಜಾಲ ಕೂಡಿರೋದನ್ನ ಹೊಲದು ತೋರ್ಸೀಯಲ್ಲ, ಅಗದಿ ಬೇಶ್!" ಎಂದವರು ಕನ್ನಡಕ ಏರಿಸಿ ಬಗ್ಗಿದರು. "ಆದ್ರ ಹೆಸರು ಅದಲು ಬದಲು ಆಗ್ಯಾವಲ್ಲವಾ. ಯಾರು ಬರದದ್ದು?"

ಅವಳು ಚೀಟಿ ನೋಡಿದಳು, ಆಮೇಲೆ ನನ್ನನ್ನು. "ನಾನs ರೀ. ತಪ್ಪಾಗೇತ್ರಿ."

ಬಹುಮಾನ ಬೇರೆ ಶಾಲೆಗೆ ಹೋಯಿತು.

ವಾಪಸು ಬರುವ ಬಸ್ಸಿನಲ್ಲಿ ತಡೆಯಲಾರದೆ ಕೇಳಿದೆ: "ನಾನs ಬರದೀನಿ ಅಂತ ಯಾಕ ಹೇಳಿದಿ ಬೇ?"

"ನಿಂದು ಅಂದಿದ್ರ ನಿಮ್ಮಪ್ಪಾರು ನಿನ್ನ ಬಿಡ್ತಿದ್ರೇನು?" ಎಂದಳು. ಕಿಟಕಿಯ ಕಡೆ ತಿರುಗಿ, "ಇನ್ನ ಮ್ಯಾಲೆ ನನ್ನ ಕೆಲಸಕ್ಕ ಕೈ ಹಚ್ಚಬ್ಯಾಡ" ಎಂದಳು.

ಮೂರು ದಿನ ಒದ್ದಾಡಿ, ಕಡೆಗೆ ವರ್ಗದಲ್ಲಿ ಎದ್ದು ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಬೇಕಂತಲೇ ಮಾಡಿದ್ದು ಎಂದೂ, ಅವಳು ನನ್ನ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು ಎಂದೂ ಹೇಳಿದೆ. ಸರ್ "ಕುಂದರು" ಎಂದರಷ್ಟೇ. ಹುಡುಗಿಯರೆಲ್ಲ ಅವಳ ಸುತ್ತ ಕೂಡಿ, "ಎಷ್ಟ್ ದೊಡ್ಡ ಮನಸ್ಸು ಬೇ ನಿಂದು!" ಎಂದರು. ಅವಳು ಪುಸ್ತಕ ಎತ್ತಿಕೊಂಡು ಮುಂದಿನ ಬೆಂಚಿಗೆ ಹೋಗಿ ಕುಳಿತಳು. ಹೈಸ್ಕೂಲು ಮುಗಿಯುವವರೆಗೂ ಅಲ್ಲೇ ಕುಳಿತಳು.

ತಪ್ಪೊಪ್ಪಿಕೊಂಡರೆ ಹೊಟ್ಟೆ ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ಆದರೆ ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕುಳಿತು ಆ ಹೊಗಳಿಕೆ ಕೇಳುವಾಗ, ನನ್ನಿಂದಲೇ ಅವಳಿಗೆ ಸಿಕ್ಕ ಆ ಒಳ್ಳೆಯ ಹೆಸರಿಗೂ ನಾನು ಕರುಬಿದೆ.