ಕೂತಲ್ಲಿಗೆ ಬರುವ ಊಟ

ನವರಾತ್ರಿ ಮುಗಿದು ದೀಪಾವಳಿಗೆ ಇನ್ನೂ ಎರಡು ವಾರ ಇರುವಾಗ ಈ ತಾಪತ್ರಯ ಶುರುವಾಯಿತು. ಸುಳ್ಯದಿಂದ ಪುತ್ತೂರಿಗೆ ಹೋಗುವ ದಾರಿಯಲ್ಲಿ, ಕುಂಬ್ರ ದಾಟಿದ ಮೇಲೆ, ಒಂದು ಹೊಸ ಹೋಟೆಲು ಆಗಿದೆ. ಅದರ ಯಜಮಾನ ನಾಲ್ಕನೇ ಕ್ಲಾಸಿನಲ್ಲಿ ನನ್ನ ವಿದ್ಯಾರ್ಥಿ. ಮಗ್ಗಿ ಬಾರದೆ ಬೆಂಚಿನ ಮೇಲೆ ನಿಂತವನು ಈಗ ನಲವತ್ತು ಮೇಜಿನ ಹೋಟೆಲು ನಡೆಸುತ್ತಾನೆ, ಇರಲಿ. ಒಂದು ಸಂಜೆ ಅವನೇ ಮನೆಗೆ ಬಂದು ಬಣ್ಣದ ಕಾಗದವೊಂದನ್ನು ಕೈಗಿತ್ತ. ‘ಶರದೃತುವಿನ ಆಹಾರ ಮತ್ತು ವೈನ್ ಉತ್ಸವ’ ಎಂದು ದೊಡ್ಡದಾಗಿ ಅಚ್ಚಾಗಿತ್ತು. ಶರದೃತು ಎನ್ನುವ ಶಬ್ದವನ್ನು ನಮ್ಮ ಕಡೆ ಪಾಠದ ಪುಸ್ತಕದ ಹೊರಗೆ ನಾನು ಕೇಳಿದ್ದೇ ಇಲ್ಲ. ನಮಗೆ ಇರುವುದು ಮಳೆ, ಚಳಿ, ಸೆಕೆ. ನಡುವೆ ಸಂಜೆ ಹೊತ್ತಿಗೆ ಗುಡುಗುವ ಈ ತಿಂಗಳಿಗೆ ಹೆಸರಿಡಲು ಯಾರಿಗೂ ಪುರುಸೊತ್ತಾಗಿಲ್ಲ.

“ಟೀಚರ್, ನೀವು ಬರ್ಲೇಬೇಕು. ಸಾರನ್ನೂ ಕರ್ಕೊಂಡು ಬನ್ನಿ. ಕೈ ತೊಳೆದು ಕೂತ್ರೆ ಆಯ್ತು, ಎಲ್ಲ ಕೂತಲ್ಲಿಗೇ ಬರ್ತದೆ” ಎಂದ.

ಅವನು ಮತ್ತೂ ಏನೇನೋ ಹೇಳಿದ. ಸಂಪಾಜೆ ಘಾಟಿಯ ಆಚೆ ಕೊಡಗಿನಿಂದ ವೈನು ತರಿಸಿದ್ದೇನೆ, ಯಾವ ಅಡುಗೆಗೆ ಯಾವ ವೈನು ಎಂದು ಕಾರ್ಡು ಮಾಡಿಸಿದ್ದೇನೆ ಎಂದೆಲ್ಲ. ನನ್ನ ಕಿವಿಯಲ್ಲಿ ಉಳಿದದ್ದು ಒಂದೇ ಮಾತು, ಕೂತಲ್ಲಿಗೇ ಬರ್ತದೆ ಎಂದದ್ದು.

ಮದುವೆಯಾಗಿ ಮೂವತ್ತೆರಡು ವರ್ಷ. ಅದರಲ್ಲಿ ಇಪ್ಪತ್ತೊಂಬತ್ತು ವರ್ಷ ಬೆಳಿಗ್ಗೆ ತಿಂಡಿ, ಮಧ್ಯಾಹ್ನದ ಅಡುಗೆ ಎರಡೂ ಮುಗಿಸಿ ಶಾಲೆಗೆ ಓಡಿದವಳು ನಾನು. ಬಡಿಸಿದವಳು ಕೊನೆಗೆ ಉಣ್ಣಬೇಕೆಂದು ನಮ್ಮ ಮನೆಯಲ್ಲಿ ಯಾರೂ ಕಾನೂನು ಮಾಡಿಲ್ಲ. ಹಾಗೇ ನಡೆದುಕೊಂಡು ಬಂದಿದೆ. ತವರಿನಲ್ಲಿ ಅಣ್ಣಂದಿರು ಎದ್ದ ಮೇಲೆ, ಇಲ್ಲಿ ಇವರು ಎದ್ದ ಮೇಲೆ. ನೆಂಟರ ಮನೆಯ ಮದುವೆಗೆ ಹೋದರೂ ಅಷ್ಟೇ, ಕೂತು ಎಲೆಗೆ ನೀರು ಚಿಮುಕಿಸುವಷ್ಟರಲ್ಲಿ “ಟೀಚರೇ, ಸ್ವಲ್ಪ ಪಲ್ಯ ವಿಚಾರಿಸ್ತೀರಾ” ಎಂದು ಯಾರಾದರೂ ಬಕೆಟು ಕೈಗೆ ಕೊಟ್ಟಿರುತ್ತಾರೆ. ಒಂದು ದಿನ, ಒಂದೇ ಒಂದು ದಿನ, ನಾನು ಕೂತಿರಬೇಕು, ಯಾರಾದರೂ ಬಿಸಿಬಿಸಿಯಾಗಿ ತಂದು ಬಡಿಸಬೇಕು, ನಾನು ಉಣ್ಣಬೇಕು. ಇದಕ್ಕಿಂತ ದೊಡ್ಡ ಆಸೆ ನನಗೆ ಆಗ ಇರಲಿಲ್ಲ.

ಇವರಿಗೆ, ಅಂದರೆ ನನ್ನ ಗಂಡನಿಗೆ, ಕಾಗದ ತೋರಿಸಿದೆ. ಮನೆಯಲ್ಲಿ ನಾವು ಆಡುವುದು ಅರೆಭಾಷೆ. ಓದುವವರಿಗೆ ಗೊತ್ತಾಗಲಿ ಎಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಕೋರಿರೊಟ್ಟಿ, ನೀರುದೋಸೆ, ಬಂಗುಡೆ. ಇದರಲ್ಲಿ ಮನೆಯಲ್ಲಿ ಇಲ್ಲದ್ದು ಎಂತ ಉಂಟು?” ಎಂದರು.

“ಮನೆಯಲ್ಲಿ ಬಡಿಸುವವರು ಇಲ್ಲ” ಎಂದೆ.

“ನೀನಿದ್ದೀಯಲ್ಲ!” ಎಂದರು. ಚೇಷ್ಟೆಯಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟು ಹೇಳಿದ್ದು. ಮೇಲಿಂದ, “ನಿನ್ನಷ್ಟು ಲಾಯ್ಕ ಯಾರು ಮಾಡ್ತಾರೆ?” ಎಂದು ಒಂದು ಹೊಗಳಿಕೆ. ಈ ಹೊಗಳಿಕೆ ಕೇಳಿದರೆ ನನಗೆ ಮೈ ಉರಿಯುತ್ತದೆ. ಇದನ್ನು ನಂಬಿಯೇ ಅರ್ಧ ಆಯುಷ್ಯ ಒಲೆಯ ಮುಂದೆ ಹೋಯಿತು. ನಾನು ಸಾರು ಪಲ್ಯ ನಿಲ್ಲಿಸಿದೆ. ಮೂರು ದಿನ ಎರಡು ಹೊತ್ತೂ ಗಂಜಿ, ಉಪ್ಪಿನಕಾಯಿ. ನಾಲ್ಕನೇ ದಿನ ಗಂಜಿಯ ಬಟ್ಟಲು ನೋಡಿ, “ಆ ಉತ್ಸವ ಯಾವಾಗ ಅಂದೆ?” ಎಂದು ಕೇಳಿದರು.

ಭಾನುವಾರ ಹನ್ನೊಂದೂವರೆಗೆ ಹೊರಟೆವು. ಅಲಮಾರಿಯಲ್ಲಿದ್ದ ನೀಲಿ ಸೀರೆ ಉಟ್ಟಿದ್ದೆ. ಹೊಟ್ಟೆ ಖಾಲಿ ಇರಲಿ ಎಂದು ಬೆಳಿಗ್ಗೆ ಒಂದೇ ದೋಸೆ ತಿಂದಿದ್ದೆ. ಕುಂಬ್ರದ ಜಂಕ್ಷನ್ನಿನಲ್ಲಿ ಇವರು ಕಾರು ನಿಲ್ಲಿಸಿದರು. “ಎರಡು ನಿಮಿಷ, ಆ ಅಂಗಡಿಯವರ ಹತ್ತಿರ ಒಂದು ಮಾತು ಉಂಟು” ಎಂದು ಇಳಿದು ಹೋದರು. ನಮ್ಮೂರಿನ ಗಂಡಸರ ಎರಡು ನಿಮಿಷ ಗೊತ್ತಲ್ಲ. ಅಡಿಕೆಗೆ ಎಷ್ಟಾಯಿತು, ಕೊಳೆರೋಗ ಎಷ್ಟು ಬಂತು, ಯಾರ ಜಾಗ ಯಾರು ತೆಗೆದರು. ಪರಮಾತ್ಮಾ! ಕಾರಿನೊಳಗೆ ನಾನು ಬೆವರಿ ಮುದ್ದೆಯಾಗಿ, ಹೊಟ್ಟೆ ತಾಳ ಹಾಕುವಾಗ ಇವರು ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ನಗುತ್ತಾ ಬಂದರು.

ಹೋಟೆಲಿಗೆ ತಲುಪುವಾಗ ಒಂದೂವರೆ. ಬಾಗಿಲಲ್ಲೇ ಯಜಮಾನ ಕೈಮುಗಿದು, ಕಿಟಕಿಯ ಪಕ್ಕದ ಮೇಜು ತೋರಿಸಿದ. ಬಿಳಿ ಬಟ್ಟೆ ಹಾಸಿ, ಗಾಜಿನ ಲೋಟ ಇಟ್ಟಿದ್ದರು. ಬಡಿಸುವವ ನಮ್ಮವನಾದರೆ ಕಡೆಯ ಪಂಕ್ತಿಯಾದರೇನು ಎಂದು ಮನಸ್ಸಿನಲ್ಲೇ ಅಂದುಕೊಂಡು, ಸೀರೆ ಸರಿಮಾಡಿ ಕೂತೆ. ಆ ಐದು ನಿಮಿಷ ನನಗೆ ಬಹಳ ಸಂತೋಷವಾಗಿತ್ತು, ಸುಳ್ಳು ಹೇಳಬಾರದು.

ಮೊದಲು ಬಂದದ್ದು ವೈನು. ಕಪ್ಪು ಕೋಟು ಹಾಕಿದ ಒಬ್ಬರು ಬಂದು ಲೋಟದ ತಳ ಒದ್ದೆಯಾಗುವಷ್ಟು ಹೊಯ್ದರು. ಇವರು ಲೋಟ ನೋಡಿದರು, ಅವರ ಮುಖ ನೋಡಿದರು.

“ಎಂತ ಮಾರಾಯ್ರೆ, ಇದು ತೀರ್ಥವಾ?”

“ಮೊದಲು ಸ್ವಲ್ಪ ತಿರುಗಿಸಿ, ಪರಿಮಳ ನೋಡ್ಬೇಕು ಸಾರ್. ಇದು ಕೋರಿರೊಟ್ಟಿ ಜೊತೆಗೆ ಆಗುದು.”

“ಕೋರಿರೊಟ್ಟಿಗೆ ಸಾರು ಹಾಕುದಾ, ಇದನ್ನು ಹಾಕುದಾ?” ಎಂದು ಇವರು ಗಂಭೀರವಾಗಿ ಕೇಳಿದರು. ಕೋಟಿನವರು ಮುಂದಿನ ಮೇಜಿಗೆ ಹೋದರು. ನಾನು ಒಂದು ಗುಟುಕು ಕುಡಿದೆ. ಸಕ್ಕರೆ ಹಾಕಲು ಮರೆತ ಪುನರ್ಪುಳಿ ಶರಬತ್ತಿನ ಹಾಗೆ ಇತ್ತು. ಎರಡನೇ ಗುಟುಕಿಗೆ ಪರವಾಗಿಲ್ಲ ಅನ್ನಿಸಿತು. ಮೂರನೆಯದಕ್ಕೆ ಲೋಟ ಎತ್ತುವಾಗ ಆಚೆ ಮೇಜಿನಿಂದ “ನಮಸ್ತೆ ಟೀಚರ್” ಎಂದು ಕೇಳಿತು. ನನ್ನ ಹಳೆಯ ವಿದ್ಯಾರ್ಥಿ, ಈಗ ತಲೆ ಬೋಳಾಗಿದೆ, ತನ್ನ ಲೋಟವನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದ. ನಾನೂ ನನ್ನದನ್ನು ಮೆನು ಕಾರ್ಡಿನ ಹಿಂದಕ್ಕೆ ಸರಿಸಿದೆ. ನೋಡಿದರೆ ಇಡೀ ಹಾಲಿನ ಅವಸ್ಥೆ ಅದೇ. ವೈನ್ ಉತ್ಸವಕ್ಕೆ ಬಂದವರೆಲ್ಲ ವೈನು ಅಡಗಿಸುವುದರಲ್ಲೇ ಇದ್ದರು. ಒಬ್ಬರಂತೂ ಸ್ಟೀಲಿನ ಲೋಟ ಕೇಳಿ ತರಿಸಿಕೊಂಡರು. ಹೀಗೆ ಹೆದರುವುದಾದರೆ ಮನೆಯಲ್ಲಿ ಮಜ್ಜಿಗೆ ಕುಡಿದು ಮಲಗಬಹುದಿತ್ತಲ್ಲ, ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಆಮೇಲೆ ಊಟಕ್ಕೆ ಕಾದೆವು. ಹತ್ತು ನಿಮಿಷ ಆಯಿತು, ಹದಿನೈದಾಯಿತು. ಯಾರೂ ಬರಲಿಲ್ಲ. ಕಡೆಗೆ ಯಜಮಾನನನ್ನು ಕರೆದು ಕೇಳಿದೆ.

“ಅಯ್ಯೋ ಟೀಚರ್, ಕೂತೇ ಇದ್ದೀರಾ? ವೈನು ಮಾತ್ರ ಕೂತಲ್ಲಿಗೆ ಬರುದು. ಊಟ ಬಫೆ. ಅಗೋ ಅಲ್ಲಿ ಪ್ಲೇಟು ಉಂಟು, ನಿಮಗೆ ಬೇಕಾದಷ್ಟು ನೀವೇ ಹಾಕ್ಕೊಳ್ಳಿ!”

ಪಿತ್ತ ನೆತ್ತಿಗೇರಿತು. ನಾನೇ ಹಾಕಿಕೊಳ್ಳುವುದಾದರೆ ಮೂವತ್ತು ಕಿಲೋಮೀಟರು ಬರಬೇಕಿತ್ತೇ? ಎಲ್ಲ ಕೂತಲ್ಲಿಗೇ ಬರ್ತದೆ ಎಂದವನು ಇವನೇ. ಬೆಂಚಿನ ಮೇಲೆ ನಿಲ್ಲಿಸಿದ್ದು ಸಾಲದಾಯಿತು ಅನ್ನಿಸಿತು. ಆದರೆ ಅವನ ಮುಖದಲ್ಲಿ ಅಷ್ಟು ಖುಷಿ ಇತ್ತು, ಏನು ಹೇಳುವುದು? ಎದ್ದೆ. ಏಳುವಾಗ ಇವರು ಕಾಲು ಚಾಚಿ ಕೂತು, “ಹೇಗೂ ಹೋಗ್ತೀಯಲ್ಲ, ನನಗೂ ಹಾಕಿ ತಾ” ಎಂದರು.

ನನ್ನ ಬುದ್ಧಿಗೆ ಏನು ಹೇಳಬೇಕೋ. ಸಿಟ್ಟಿನಲ್ಲಿ ಕುದಿಯುತ್ತಲೇ ಹೋಗಿ ಸಾಲಿನಲ್ಲಿ ನಿಂತು ಎರಡು ಪ್ಲೇಟು ತೆಗೆದುಕೊಂಡೆ. ಮೊದಲು ತುಂಬಿಸಿದ್ದು ಯಾರ ಪ್ಲೇಟು? ಇವರದ್ದು. ಕೋಳಿಯಲ್ಲಿ ಮೂಳೆ ಕಡಿಮೆ ಇರುವ ತುಂಡು ಹುಡುಕಿ, ರೊಟ್ಟಿ ಮೆತ್ತಗಾಗದ ಹಾಗೆ ಸಾರು ಬೇರೆ ಬಟ್ಟಲಿಗೆ ಹಾಕಿ, ನಿಂಬೆಹೋಳು ಇಟ್ಟು ಮೇಜಿಗೆ ತಂದುಕೊಟ್ಟೆ. ನನ್ನ ಪ್ಲೇಟಿಗೆಂದು ಪುನಃ ಹೊರಟರೆ, “ಸ್ವಲ್ಪ ಉಪ್ಪು” ಎಂದರು. ಉಪ್ಪು ತಂದೆ. ಮತ್ತೆ ಹೊರಟೆ. ಆ ಬೋಳುತಲೆಯ ವಿದ್ಯಾರ್ಥಿ ಹೆಂಡತಿಯನ್ನು ಪರಿಚಯ ಮಾಡಿಸಿದ. ಮಾತಾಡಿದೆ. ಅಷ್ಟರಲ್ಲಿ ಮೈಕು ಹಿಡಿದ ಹುಡುಗಿಯೊಬ್ಬಳು ನಡುವೆ ಬಂದು ನಿಂತು, ದಂಪತಿಗಳಿಗೆ ಒಂದು ಆಟ ಉಂಟು, ಎಲ್ಲರೂ ಅವರವರ ಜಾಗದಲ್ಲಿ ಕೂರ್ಬೇಕು ಎಂದಳು. ಅವಳೂ ನನ್ನ ವಿದ್ಯಾರ್ಥಿನಿಯೇ. ನನ್ನ ಕೈ ಹಿಡಿದು ಕರೆದುಕೊಂಡು ಬಂದು ಖಾಲಿ ಹೊಟ್ಟೆಯಲ್ಲಿ ಕೂರಿಸಿದಳು.

ಆಟ ಸುಲಭ. ಹೆಂಡತಿಯರಿಗೆ ಒಂದೊಂದು ಚೀಟಿ, ಒಂದೊಂದು ಪೆನ್ನು. ಅಲ್ಲಿರುವ ಅಡುಗೆಗಳಲ್ಲಿ ತನಗೆ ಅತಿ ಇಷ್ಟವಾದ ಒಂದರ ಹೆಸರು ಬರೆದು ಮಡಚಿಡಬೇಕು. ಗಂಡಂದಿರು ಖಾಲಿ ಪ್ಲೇಟು ಹಿಡಿದುಕೊಂಡು ಹೋಗಿ ಅದನ್ನೇ ತರಬೇಕು. ಸರಿಯಾದರೆ ಬಹುಮಾನ.

ಇವರು ಊಟ ಅರ್ಧಕ್ಕೇ ಬಿಟ್ಟು, ಬಾಯಿ ಒರೆಸಿಕೊಂಡು ಎದ್ದದ್ದನ್ನು ನೋಡಿ ನನಗೆ ಒಳಗೊಳಗೇ ಒಂದು ಕ್ರೂರ ಸಂತೋಷವಾಯಿತು. ಹೋಗಿ ಮಾರಾಯ್ರೆ, ತನ್ನಿ, ಊರವರ ಎದುರು ಗೊತ್ತಾಗಲಿ ಎಂದುಕೊಂಡೆ. ಬೇರೆ ಗಂಡಂದಿರು ಓಡಿದರು. ಒಬ್ಬ ಪಾಯಸ ಹಾಕಿಕೊಂಡ, ಒಬ್ಬ ಸೀಗಡಿಗೆ ಕೈ ಹಾಕಿದ. ಇವರು ಆ ಉದ್ದ ಮೇಜಿನ ಈ ಕೊನೆಯಿಂದ ಆ ಕೊನೆಗೆ ಹೋದರು, ಅಲ್ಲಿಂದ ಪುನಃ ಈಚೆ ಬಂದರು. ಕೋಳಿ ಸುಕ್ಕದ ಪಾತ್ರೆಯ ಮುಚ್ಚಳ ತೆಗೆದು ನೋಡಿ ಮುಚ್ಚಿದರು. ಅಷ್ಟು ಹೊತ್ತು ಪ್ಲೇಟು ಹಿಡಿದುಕೊಂಡು ಅವರು ನಿಂತದ್ದನ್ನು ನಾನು ನೋಡಿದ್ದೇ ಅಂದು. ಮೂವತ್ತೆರಡು ವರ್ಷ! ನನಗೆ ಇಷ್ಟವಾದ ಒಂದು ವಸ್ತುವಿನ ಹೆಸರು ಗೊತ್ತಿಲ್ಲ ಈ ಮನುಷ್ಯನಿಗೆ! ನನ್ನ ಕಣ್ಣಲ್ಲಿ ನೀರೇ ಬಂತು, ಅಷ್ಟು ಸಿಟ್ಟು.

“ಟೀಚರ್, ಚೀಟಿ ಕೊಡಿ” ಎಂದು ಹುಡುಗಿ ಪಕ್ಕದಲ್ಲಿ ಕೈ ಚಾಚಿದಳು.

ಕೆಳಗೆ ನೋಡಿದೆ. ಚೀಟಿ ಬೆಳ್ಳಗೆ ಇತ್ತು. ಪೆನ್ನಿನ ಮುಚ್ಚಳ ಕೂಡ ತೆಗೆದಿರಲಿಲ್ಲ.

ಬರೆಯೋಣವೆಂದು ಪೆನ್ನು ಇಟ್ಟೆ. ನೀರುದೋಸೆ ಎಂದು ಬರೆಯುವುದೇ? ಅದು ಇವರಿಗೆ ಇಷ್ಟ. ಕೋಳಿ ಸುಕ್ಕ ದೊಡ್ಡಣ್ಣನಿಗೆ ಇಷ್ಟ. ಕಡ್ಲೆಬೇಳೆ ಪಾಯಸ ಅತ್ತೆಗೆ ಆಗುತ್ತಿತ್ತು. ಯಾರ ನಾಲಿಗೆಗೆ ಏನು ಬೇಕು, ಯಾರಿಗೆ ಉಪ್ಪು ಮುಂದು, ಯಾರಿಗೆ ಖಾರ ಹಿಂದು, ಎಲ್ಲ ನನಗೆ ಬಾಯಿಪಾಠ. ನನಗೆ? ಪಾತ್ರೆಯಲ್ಲಿ ಉಳಿದದ್ದು ಏನೋ ಅದನ್ನು ತಿಂದೆ, ಪಾತ್ರೆ ತೊಳೆದೆ. ಇಪ್ಪತ್ತೊಂಬತ್ತು ವರ್ಷ ನಾಲ್ಕನೇ ಕ್ಲಾಸಿನ ಮಕ್ಕಳಿಂದ ‘ನನಗೆ ಇಷ್ಟವಾದ ತಿಂಡಿ’ ಎಂದು ಹತ್ತು ವಾಕ್ಯ ಬರೆಸಿದ್ದೇನೆ. ಬರೆಯದವರನ್ನು ಗದರಿಸಿದ್ದೇನೆ. ಈ ಹುಡುಗಿಯೂ ಬರೆದಿರುತ್ತಾಳೆ.

“ಎಂತಾದ್ರೂ ಒಂದು ಬರೀರಿ ಟೀಚರ್” ಎಂದು ಅವಳು ಪಿಸುಗುಟ್ಟಿದಳು.

“ನನಗೆ ಗೊತ್ತಿಲ್ಲ ಮಗಾ” ಎಂದೆ.

ಮೈಕು ಬಾಯಿಯ ಹತ್ತಿರವೇ ಇತ್ತು. ಟೀಚರು ತಮಾಷೆ ಮಾಡಿದರು ಎಂದು ಹಾಲಿಡೀ ನಕ್ಕಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ನಗೆಯ ನಡುವೆ ಇವರು ವಾಪಸು ಬಂದು ಖಾಲಿ ಪ್ಲೇಟನ್ನು ನನ್ನ ಮುಂದೆ ಇಟ್ಟರು. ಮುಖ ಸಣ್ಣದಾಗಿತ್ತು.

“ನನಗೆ ಗೊತ್ತಾಗ್ಲಿಲ್ಲ ಮಾರಾಯ್ತಿ. ನೀನು ಉಣ್ಣುದನ್ನು ನಾನು ಎಲ್ಲಿ ನೋಡಿದ್ದೇನೆ?”

ಬೈಯಲೆಂದು ಎಷ್ಟೋ ಮಾತು ಜೋಡಿಸಿಟ್ಟಿದ್ದೆ. ನನಗೇ ಗೊತ್ತಿಲ್ಲದ್ದನ್ನು ಇವರಲ್ಲಿ ಕೇಳುವುದು ಯಾವ ನ್ಯಾಯ? ಸಿಟ್ಟು ಮಾತ್ರ ಇಳಿಯಲಿಲ್ಲ. ಆದರೆ ಅದು ಯಾರ ಮೇಲೆ ಎಂದು ಹೇಳಲಾಗದೆ ಇನ್ನಷ್ಟು ಸಿಟ್ಟು ಬಂತು. ಪ್ಲೇಟನ್ನು ಎತ್ತಿ ಇವರ ಕೈಗೇ ಕೊಟ್ಟೆ.

“ಪುನಃ ಹೋಗಿ. ಎಲ್ಲದರದ್ದೂ ಒಂದೊಂದು ಚೂರು ತನ್ನಿ.”

“ಎಲ್ಲದರದ್ದೂ?”

“ಒಂದೂ ಬಿಡಬೇಡಿ. ನಾನು ಇಲ್ಲಿಂದ ಏಳುದಿಲ್ಲ.”

ಅಷ್ಟರಲ್ಲಿ ಬಹುಮಾನ ಪಾಯಸದವರಿಗೆ ಹೋಗಿ, ಚಪ್ಪಾಳೆಯೂ ಮುಗಿದಿತ್ತು. ಇವರು ಸಾಲಿನಲ್ಲಿ ನಿಂತರು. ನೀರುದೋಸೆ ಹರಿದುಕೊಂಡಿತು, ಸಾರು ಚಟ್ನಿಗೆ ಸೇರಿತು, ಅಂಗಿಯ ಕೈಗೆ ಅರಸಿನ ಹಿಡಿಯಿತು. ಮೂರು ಸಲ ಹೋಗಿ ಬಂದು ಮೂರು ಪ್ಲೇಟು ಇಟ್ಟು, ಎದುರಿಗೆ ಕೂತರು. ಅವರ ಕೋರಿರೊಟ್ಟಿ ಅರ್ಧಕ್ಕೇ ತಣಿದು ಬಿದ್ದಿತ್ತು. ಅದನ್ನು ಮುಟ್ಟದೆ ನನ್ನನ್ನೇ ನೋಡುತ್ತಿದ್ದರು.

ಮೊದಲು ಹುಳಿಖಾರದ ಬಂಗುಡೆ ಮೀನಿನ ಪುಳಿಮುಂಚಿಯ ಒಂದು ತುಂಡು ಬಾಯಿಗಿಟ್ಟೆ. ನಿಧಾನ ಜಗಿದೆ. ಇದು ನನಗೆ ಸೇರುತ್ತದೋ ಇಲ್ಲವೋ ಎಂದು ಯೋಚಿಸಿ ತಿಂದದ್ದು ಹುಟ್ಟಿದ ಮೇಲೆ ಅದೇ ಮೊದಲು.

“ಬಂಗುಡೆ ನನಗೆ ಇಷ್ಟ ಇಲ್ಲ” ಎಂದೆ.

“ಎಂತ! ಬಂಗುಡೆಯಾ? ವಾರಕ್ಕೆ ಎರಡು ಸಲ ನೀನೇ ಮಾಡುದಲ್ವಾ?”

“ಹೌದು” ಎಂದೆ. ಉಳಿದ ತುಂಡನ್ನು ಪ್ಲೇಟಿನ ಅಂಚಿಗೆ ತಳ್ಳಿ, ಮುಂದಿನದಕ್ಕೆ ಕೈ ಹಾಕಿದೆ.