ಅಟ್ಟಣೆಗೆ ನೀರು ಹೊತ್ತ ದಾರಿ

ಲೊಕ್ಕನಹಳ್ಳಿಯಲ್ಲಿ ನಮ್ಮ ರಾಗಿ ಹೊಲ ಕಾಡಿಗೆ ಅಂಟಿಕೊಂಡಿತ್ತು. ತೆನೆ ಬಲಿಯುವ ಹೊತ್ತಿಗೆ ಕಡವೆಗಳು ಹಳ್ಳದ ಗುಂಟ ಇಳಿದು ಬಂದು, ತಗ್ಗಿನ ಮೂಲೆಯಲ್ಲಿ ಮುಳ್ಳುಬೇಲಿಯೊಳಗೆ ನುಗ್ಗುತ್ತಿದ್ದವು. ಕಾವಲಿನ ಅಟ್ಟಣೆಯನ್ನು ಆ ಮೂಲೆಯ ಮರದ ಮೇಲೇ ಕಟ್ಟೋಣ ಅಂದೆ. ಮಾವ ಒಪ್ಪಲಿಲ್ಲ.

"ಅಲ್ಲಿಂದ ಏನ್ ಕಂಡದವ್ವ? ನಡು ಹೊಲದ ಬಂಡೆ ಮೇಲಾದ್ರೆ ನಾಕು ದಿಕ್ಕೂ ಕಾಣ್ತದೆ."

ಅಟ್ಟಣೆ ಬಂಡೆಯ ಮೇಲೆ ಎದ್ದಿತು. ನೋಡುವವರು ಮಾವ, ಹಳ್ಳದಿಂದ ಅಲ್ಲಿಗೆ ನೀರು ಹೊರುವವಳು ನಾನು. ಬದುವಿನ ಮೇಲೆ ಸುತ್ತಿ ಹೋಗಿ ಹೋಗಿ ನಾಲ್ಕು ದಿನಕ್ಕೇ ಕಾಲು ಸೋತವು. ತಗ್ಗಿನ ಮೂಲೆಯ ಮುಳ್ಳು ಸರಿಸಿ, ರಾಗಿಯ ನಡುವೆಯೇ ನೆಟ್ಟಗೆ ನಡೆಯತೊಡಗಿದೆ. ತಲೆಯ ಮೇಲೆ ಕೊಡ ಇಟ್ಟುಕೊಂಡು ಬಗ್ಗಿ ಮತ್ತೆ ಮುಳ್ಳು ಎಳೆದು ಮುಚ್ಚುವವರು ಯಾರು?

ಒಂದು ಬೆಳಿಗ್ಗೆ ನೋಡಿದರೆ ಕಡವೆಗಳು ಅರ್ಧ ಹೊಲ ಮೇಯ್ದಿದ್ದವು. ಹಸಿ ಮಣ್ಣಿನಲ್ಲಿ ನನ್ನ ಹೆಜ್ಜೆಗಳ ಮೇಲೇ ಕಡವೆಯ ಗೊರಸು ಮೂಡಿತ್ತು, ಬೇಲಿಯಿಂದ ಬಂಡೆಯ ಬುಡದವರೆಗೂ. ಮೇಲೆ ಕೂತೇ ತೂಕಡಿಸಿದ್ದ ಮಾವ ಇಳಿದು ಬಂದು ತಲೆ ತಗ್ಗಿಸಿದರು.

"ನೀ ಹೇಳ್ದ ಮೂಲೆಯಿಂದ್ಲೇ ಬಂದವೆ ಕಣವ್ವ. ನಂದೇ ತಪ್ಪು."

ನಾನು ಖಾಲಿ ಕೊಡ ತಕ್ಕೊಂಡು, ಬದುವಿನ ಮೇಲೆ ಸುತ್ತಿಕೊಂಡು ಹಳ್ಳಕ್ಕೆ ಹೋದೆ.